ಐವತ್ತು ಸೆಂಟಿನ ಡಬ್ಬಿ: ಸ್ತ್ರೀಯರ ಕೇಶಹಾನಿ ಮತ್ತು ಒಂದು ವ್ಯಾಪಾರದ ಇತಿಹಾಸ

ಕೇಶಾಲಂಕಾರದ ಇತಿಹಾಸವನ್ನು ಬರೆದವರು ಅನೇಕರಿದ್ದಾರೆ. ಶಿಲ್ಪಗಳಲ್ಲಿ ಕಾಣುವ ತುರುಬುಗಳ ಬಗೆಗಳನ್ನೂ ಕಾವ್ಯಗಳಲ್ಲಿ ಬರುವ ಮುಡಿಯ ವರ್ಣನೆಗಳನ್ನೂ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಮುಡಿ ತೆಳುವಾದ ಸ್ತ್ರೀಯರು ಏನು ಮಾಡಿದರು, ಯಾರ ಬಳಿಗೆ ಹೋದರು, ಯಾವ ಅಂಗಡಿಯಲ್ಲಿ ಏನನ್ನು ಕೊಂಡರು ಎಂಬ ವಿಷಯ ಇತಿಹಾಸಕಾರರ ಕಣ್ಣಿಗೆ ಬಿದ್ದದ್ದು ತೀರ ಕಡಿಮೆ. ಪುರುಷನ ಬೋಳುತಲೆ ಹಾಸ್ಯಕ್ಕೆ ವಸ್ತುವಾಯಿತು; ಸ್ತ್ರೀಯ ತೆಳುಗೂದಲು ಮಾತಿಗೇ ಬರಲಿಲ್ಲ. ಸೆರಗಿನ ಕೆಳಗೆ, ಚೌರಿಯ ಕೆಳಗೆ, ಹೂವಿನ ದಂಡೆಯ ಕೆಳಗೆ ಅದು ಅಡಗಿಯೇ ಉಳಿಯಿತು. ಹೆಣ್ಣು ನೋಡಲು ಬಂದವರು ಜಡೆಯ ಉದ್ದವನ್ನು ಕಣ್ಣಳತೆಯಲ್ಲಿ ಅಳೆದು ಹೋಗುತ್ತಿದ್ದ ಮನೆಗಳಲ್ಲಿ ಈ ಮೌನಕ್ಕೆ ಕಾರಣವನ್ನು ಹುಡುಕಬೇಕಾಗಿಲ್ಲ.

ಈ ಮೌನವನ್ನು ಮುರಿದು, ತನ್ನ ತಲೆಗೂದಲು ಉದುರಿದ್ದನ್ನು ಪತ್ರಿಕೆಯ ಜಾಹೀರಾತಿನಲ್ಲಿ ತನ್ನದೇ ಭಾವಚಿತ್ರದೊಡನೆ ಲೋಕಕ್ಕೆಲ್ಲ ತಿಳಿಸಿ, ಅದರಿಂದಲೇ ದೊಡ್ಡ ವ್ಯಾಪಾರವೊಂದನ್ನು ಕಟ್ಟಿದ ಮಹಿಳೆ ಅಮೆರಿಕದವರು. ಅವರ ಹೆಸರು ಸಾರಾ ಬ್ರೀಡ್‌ಲವ್. ಲೋಕಕ್ಕೆ ಅವರು ಪರಿಚಿತರಾದದ್ದು ಮ್ಯಾಡಮ್ ಸಿ. ಜೆ. ವಾಕರ್ ಎಂಬ ಹೆಸರಿನಿಂದ. ವ್ಯಾಪಾರವನ್ನು ವೃತ್ತಿಯಾಗಿ ಉಳ್ಳ ಕುಟುಂಬಗಳು ಈ ಚರಿತ್ರೆಯನ್ನು ಗಮನಿಸಬೇಕಾದ ಕಾರಣಗಳು ಒಂದಕ್ಕಿಂತ ಹೆಚ್ಚು ಇವೆ. ಸಂಕಟದಲ್ಲಿರುವವರಿಗೆ ಸರಕನ್ನು ಮಾರುವವನು ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬ ಪ್ರಶ್ನೆ ಇದರ ಉದ್ದಕ್ಕೂ ಇದೆ.

ಅಮೆರಿಕದ ದಕ್ಷಿಣ ಭಾಗದ ಲೂಸಿಯಾನಾ ಸಂಸ್ಥಾನದಲ್ಲಿ ಡೆಲ್ಟಾ ಎಂಬ ಊರಿನ ಹತ್ತಿರದ ಹತ್ತಿಯ ತೋಟವೊಂದರಲ್ಲಿ ೧೮೬೭ರ ಡಿಸೆಂಬರ್ ೨೩ರಂದು ಸಾರಾ ಹುಟ್ಟಿದಳು. ತಂದೆ ಓವೆನ್, ತಾಯಿ ಮಿನರ್ವಾ. ಇಬ್ಬರೂ ಅದೇ ತೋಟದಲ್ಲಿ ಗುಲಾಮರಾಗಿದ್ದವರು. ೧೮೬೩ರ ವಿಮೋಚನಾ ಘೋಷಣೆಯ ಅನಂತರ ಹುಟ್ಟಿದವಳಾದ ಕಾರಣ ಆ ಮನೆಯಲ್ಲಿ ಸ್ವತಂತ್ರಳಾಗಿ ಜನಿಸಿದ ಮೊದಲ ಮಗು ಸಾರಾ. ಆ ಸ್ವಾತಂತ್ರ್ಯದ ಬೆಲೆ ಕಾಗದದ ಮೇಲೆ ಮಾತ್ರ ಹೆಚ್ಚು. ಏಳು ವರ್ಷ ತುಂಬುವ ಹೊತ್ತಿಗೆ ತಂದೆ ತಾಯಿ ಇಬ್ಬರೂ ತೀರಿಹೋದರು. ಅಕ್ಕನ ಮನೆಯಲ್ಲಿ ಆಶ್ರಯ ಸಿಕ್ಕಿತಾದರೂ ಭಾವನ ಕ್ರೌರ್ಯವನ್ನು ತಾಳಲಾರದೆ ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆ ಮದುವೆಯಾದಳು. ೧೮೮೫ರಲ್ಲಿ ಲೀಲಿಯಾ ಎಂಬ ಮಗಳು ಹುಟ್ಟಿದಳು. ಇಪ್ಪತ್ತರ ಹೊತ್ತಿಗೆ ಸಾರಾ ವಿಧವೆ.

ಕೈಗೂಸನ್ನು ಎತ್ತಿಕೊಂಡು ಅವರು ಸೇಂಟ್ ಲೂಯಿಸ್ ನಗರಕ್ಕೆ ಬಂದರು. ಅಲ್ಲಿ ಅಣ್ಣಂದಿರು ಕ್ಷೌರಿಕ ವೃತ್ತಿಯಲ್ಲಿದ್ದರು. ಸಾರಾ ಅವರಿಗೆ ದೊರೆತದ್ದು ಪರರ ಬಟ್ಟೆ ಒಗೆಯುವ ಕೆಲಸ. ದಿನಕ್ಕೆ ಒಂದೂವರೆ ಡಾಲರಿನಷ್ಟು ಸಂಪಾದನೆ. ಕುದಿಯುವ ಹಂಡೆಗಳ ಆವಿಯ ಮುಂದೆ, ಕಟುವಾದ ಕ್ಷಾರದ ಸಾಬೂನಿನಲ್ಲಿ ಕೈಯಿಟ್ಟು, ಬಗ್ಗಿದ ಬೆನ್ನನ್ನು ಎತ್ತದೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಅವರು ದುಡಿದರು. ತಾಯಿ ಕೆಲಸಕ್ಕೆ ಹೋದ ದಿನಗಳಲ್ಲಿ ಮಗಳ ಪಾಲನೆಗೆ ನೆರವಾದದ್ದು ಆ ನಗರದ ಕಪ್ಪು ಜನಾಂಗದ ಮಹಿಳೆಯರು ನಡೆಸುತ್ತಿದ್ದ ಒಂದು ಅನಾಥಾಲಯ. ಇದನ್ನು ಓದುಗರು ನೆನಪಿನಲ್ಲಿಡಬೇಕು.

೧೮೯೦ರ ದಶಕದಲ್ಲಿ ಅವರ ತಲೆಗೂದಲು ಉದುರಲಾರಂಭಿಸಿತು. ಮೊದಲು ಹೊಟ್ಟು ಮತ್ತು ತುರಿಕೆ, ಬಳಿಕ ನೆತ್ತಿಯ ಮೇಲೆ ಚರ್ಮ ಕಾಣುವಷ್ಟು ತೆಳುವು. ಇದು ಅವರೊಬ್ಬರ ಕಥೆಯಾಗಿರಲಿಲ್ಲ. ಆ ಕಾಲದ ಬಡ ಮನೆಗಳಲ್ಲಿ ನಲ್ಲಿಯ ನೀರಿಲ್ಲ, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಸೌಕರ್ಯವಿಲ್ಲ. ತಿಂಗಳಿಗೊಮ್ಮೆ ತಲೆಗೆ ನೀರು ಹಾಕಿಕೊಂಡರೆ ಹೆಚ್ಚು. ಬಟ್ಟೆಯ ಸಾಬೂನೇ ತಲೆಗೂ. ಆಹಾರದಲ್ಲಿ ಸತ್ತ್ವವಿಲ್ಲ, ಜ್ವರ ಬಂದರೆ ವೈದ್ಯನಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ಇಂಥ ಕಾರಣಗಳಿಂದ ನೆತ್ತಿಯ ರೋಗ ಹತ್ತಿದ ಸ್ತ್ರೀಯರು ಸಾವಿರಾರು ಮಂದಿ ಇದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡೇ ಅವರು ಕೆಲಸಕ್ಕೆ ಹೋಗುತ್ತಿದ್ದರು, ಬಟ್ಟೆ ಕಟ್ಟಿಕೊಂಡೇ ಮಲಗುತ್ತಿದ್ದರು. ಭಾನುವಾರದ ಪ್ರಾರ್ಥನಾಮಂದಿರದಲ್ಲಿ ಮಾತ್ರ ಕಷ್ಟ. ಅಲ್ಲಿ ಅನುಕೂಲಸ್ಥ ಕುಟುಂಬಗಳ ಸ್ತ್ರೀಯರು ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಬರುತ್ತಿದ್ದರು. ಅವರ ನಡುವೆ ಸಾರಾ ಕುಳಿತುಕೊಳ್ಳಬೇಕಾಗಿತ್ತು.

ಇಲ್ಲಿ ಶರೀರಶಾಸ್ತ್ರದ ಒಂದೆರಡು ಸಂಗತಿಗಳನ್ನು ಹೇಳಿದರೆ ಮುಂದಿನದು ಸ್ಪಷ್ಟವಾದೀತು. ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ ಕೆಲವು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿ, ಮತ್ತೆ ಹುಟ್ಟುತ್ತದೆ. ದಿನವೊಂದಕ್ಕೆ ಐವತ್ತರಿಂದ ನೂರು ಕೂದಲು ಬಾಚಣಿಗೆಗೆ ಬರುವುದು ಸಹಜ. ದೊಡ್ಡ ಜ್ವರ, ಹೆರಿಗೆ, ರಕ್ತಹೀನತೆ, ತೀವ್ರ ದುಃಖ, ಅರೆಹೊಟ್ಟೆ ಇವುಗಳಿಂದ ಒಮ್ಮೆಲೇ ಬಹಳಷ್ಟು ಕೂದಲು ವಿಶ್ರಾಂತಿಯ ಸ್ಥಿತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ಬಳಿಕ ರಾಶಿರಾಶಿಯಾಗಿ ಉದುರುತ್ತವೆ. ಕಾರಣ ದೂರವಾದರೆ ಇವು ಮರಳಿ ಬರುತ್ತವೆ. ನೆತ್ತಿಯ ಚರ್ಮದ ರೋಗದಿಂದ ಉದುರಿದ್ದೂ ಅನೇಕ ವೇಳೆ ಶುಚಿತ್ವದಿಂದ, ಔಷಧದಿಂದ ಮರಳುತ್ತದೆ. ಆದರೆ ವಂಶದಿಂದ ಬಂದ ತೆಳುವಿನ ದಾರಿ ಬೇರೆ. ಅಲ್ಲಿ ಕೂದಲಿನ ಬುಡವೇ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಹುಟ್ಟುವ ಕೂದಲು ಮೊದಲಿಗಿಂತ ನವಿರು, ಮೊದಲಿಗಿಂತ ಗಿಡ್ಡ. ಬೈತಲೆಯು ಅಗಲವಾಗುತ್ತ ಹೋಗುತ್ತದೆ. ಬುಡವೇ ಮುಚ್ಚಿ ಗಾಯದ ಕಲೆಯಾಗುವ ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಹೋದದ್ದು ಹೋದದ್ದೇ. ಹೊರಗೆ ನೋಡುವವರಿಗೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಮಾರುವವನಿಗೆ ಇದು ಅನುಕೂಲ. ಕೊಳ್ಳುವವಳಿಗೆ ಇದೇ ಅಪಾಯ.

ಸಾರಾ ಅವರಿಗೆ ಬಂದದ್ದು ಬಹುಮಟ್ಟಿಗೆ ಮರಳಿ ಬರುವ ಜಾತಿಯದಾಗಿತ್ತು ಎಂದು ಫಲದಿಂದ ಊಹಿಸಬಹುದು. ಅವರು ಕಂಡ ಕಂಡ ಮದ್ದುಗಳನ್ನೆಲ್ಲ ಪ್ರಯೋಗಿಸಿದರು. ಆ ದಿನಗಳಲ್ಲಿ, ೧೯೦೨ರಲ್ಲಿ, ಸೇಂಟ್ ಲೂಯಿಸ್‌ಗೆ ಆನಿ ಟರ್ನ್‌ಬೋ ಎಂಬ ಮತ್ತೊಬ್ಬ ಕಪ್ಪು ಜನಾಂಗದ ಮಹಿಳೆ ಬಂದು ನೆಲೆಸಿದ್ದರು. ಇವರು ತಾವೇ ತಯಾರಿಸಿದ ಕೇಶವರ್ಧಕವೊಂದನ್ನು ಮನೆಮನೆಗೆ ಕೊಂಡೊಯ್ದು, ತಲೆ ತೊಳೆದು, ಹಚ್ಚಿ ತೋರಿಸಿ ಮಾರುತ್ತಿದ್ದರು. ಸಾರಾ ಅವರ ಕೂದಲು ಸುಧಾರಿಸಿದ್ದು ಈ ಚಿಕಿತ್ಸೆಯಿಂದಲೇ ಎಂಬುದು ಆನಿಯವರ ಪಕ್ಷ. ಸಾರಾ ಸ್ವಲ್ಪ ಕಾಲ ಆನಿಯವರ ಏಜೆಂಟರಾಗಿ ಕೆಲಸ ಮಾಡಿದ್ದಂತೂ ನಿಜ.

೧೯೦೫ರಲ್ಲಿ ಸಾರಾ ಡೆನ್ವರ್ ನಗರಕ್ಕೆ ಹೋದರು. ಜೀವನಕ್ಕೆ ಅಡುಗೆಯ ಕೆಲಸ. ಬಿಡುವಿನಲ್ಲಿ ಏಜೆಂಟರ ಕೆಲಸ. ೧೯೦೬ರ ಜನವರಿಯಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಎಂಬ, ಪತ್ರಿಕಾ ಜಾಹೀರಾತಿನ ಅನುಭವವುಳ್ಳವರನ್ನು ವಿವಾಹವಾಗಿ, 'ಮ್ಯಾಡಮ್ ಸಿ. ಜೆ. ವಾಕರ್' ಎಂಬ ಹೆಸರಿನಿಂದ ತಮ್ಮದೇ ಮದ್ದನ್ನು ಮಾರಲಾರಂಭಿಸಿದರು. ಅದರ ಹೆಸರು 'ಅದ್ಭುತ ಕೇಶವರ್ಧಿನಿ' ಎಂಬ ಅರ್ಥದ್ದು. ತಗಡಿನ ಸಣ್ಣ ದುಂಡು ಡಬ್ಬಿ; ಬೆಲೆ ಐವತ್ತು ಸೆಂಟು. ಇದರ ಪಾಕ ತಮಗೆ ಕನಸಿನಲ್ಲಿ ದೊರೆಯಿತೆಂದೂ, ಕನಸಿನಲ್ಲಿ ಬಂದ ಕಪ್ಪು ಪುರುಷನೊಬ್ಬನು ಏನೇನು ಬೆರೆಸಬೇಕೆಂದು ತಿಳಿಸಿದನೆಂದೂ, ಆ ದ್ರವ್ಯಗಳಲ್ಲಿ ಕೆಲವು ಆಫ್ರಿಕದಲ್ಲಿ ಬೆಳೆಯುವವೆಂದೂ ಅವರು ಹೇಳುತ್ತಿದ್ದರು. ಡಬ್ಬಿಯಲ್ಲಿದ್ದ ಮುಖ್ಯ ದ್ರವ್ಯಗಳು ಮಾತ್ರ ಗಂಧಕ ಮತ್ತು ವ್ಯಾಸಲೀನ್. ಇವಕ್ಕಾಗಿ ಆಫ್ರಿಕದವರೆಗೆ ಹೋಗುವ ಅಗತ್ಯವಿರಲಿಲ್ಲ; ಬೀದಿಯ ಔಷಧದಂಗಡಿಯಲ್ಲಿ ದೊರೆಯುತ್ತಿದ್ದವು. ನೆತ್ತಿಯ ರೋಗಗಳಿಗೆ ಗಂಧಕದ ಲೇಪ ಬಹು ಹಳೆಯ ಮದ್ದು. ಆನಿ ಟರ್ನ್‌ಬೋ ಅವರ ಮದ್ದಿನಲ್ಲಿಯೂ ಇದೇ ಬಗೆಯ ಸಾಮಗ್ರಿ ಇದ್ದಿತೆಂದು ಚರಿತ್ರಕಾರರು ತಿಳಿಯುತ್ತಾರೆ.

ಹೀಗಾಗಿ ಜಗಳ ಹುಟ್ಟಿತು. ಆನಿಯವರು ತಮ್ಮ ಸರಕನ್ನು ಅನುಕರಿಸುವವರಿಂದ ಎಚ್ಚರವಾಗಿರಬೇಕೆಂದು ಪತ್ರಿಕೆಯಲ್ಲಿ ಪ್ರಕಟಿಸಿ, ೧೯೦೬ರಲ್ಲಿ 'ಪೋರೋ' ಎಂಬ ವ್ಯಾಪಾರನಾಮವನ್ನು ನೋಂದಾಯಿಸಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ 'ಪ್ರತಿರೂಪಕ ವ್ಯವಹಾರ' ಎಂಬ ಮಾತು ಇಲ್ಲಿ ನೆನಪಾಗದೆ ಇರದು. ಒಂದರಂತೆ ಕಾಣುವ ಇನ್ನೊಂದನ್ನು ಮಾರುವುದು ಅಚೌರ್ಯವ್ರತಕ್ಕೆ ಅತಿಚಾರವೆಂದು ಅಲ್ಲಿ ಎಣಿಸಿದೆ. ವಾಕರ್ ಅವರನ್ನು ಈ ಅತಿಚಾರಕ್ಕೆ ಗುರಿಪಡಿಸಬಹುದೆ? ಸುಲಭವಾಗಿ ಹೇಳಲಾಗದು. ಗಂಧಕದ ಲೇಪ ಯಾರೊಬ್ಬರ ಸೊತ್ತೂ ಆಗಿರಲಿಲ್ಲ. ಅವರು ಪೋರೋ ಎಂಬ ಹೆಸರನ್ನು ಬಳಸಲಿಲ್ಲ, ತಮ್ಮದೇ ಹೆಸರನ್ನೂ ಮುಖವನ್ನೂ ಡಬ್ಬಿಯ ಹಿಂದೆ ನಿಲ್ಲಿಸಿದರು. ಆದರೆ ಮನೆಮನೆಗೆ ಹೋಗಿ ತಲೆ ತೊಳೆದು ತೋರಿಸುವ ಪದ್ಧತಿಯನ್ನು ಯಾರಿಂದ ಕಲಿತರೋ ಅವರ ಹೆಸರನ್ನು ತಮ್ಮ ಕಥೆಯಿಂದ ಕೈಬಿಟ್ಟದ್ದು ದೋಷವೇ. ಕಲಿಸಿದವರ ಋಣವನ್ನು ಕನಸಿನ ಲೆಕ್ಕಕ್ಕೆ ಬರೆದದ್ದಾಯಿತು.

ವ್ಯಾಪಾರ ಬೆಳೆದ ರೀತಿ ಮಾತ್ರ ಅಸಾಧಾರಣ. ೧೯೦೬ರಿಂದ ಅವರು ದಕ್ಷಿಣದ ಸಂಸ್ಥಾನಗಳಲ್ಲಿ ಊರೂರು ಸುತ್ತಿದರು. ಪ್ರಾರ್ಥನಾಮಂದಿರಗಳ ಪಡಸಾಲೆಯಲ್ಲಿ, ಮಹಿಳಾ ಸಂಘಗಳ ಕೂಟದಲ್ಲಿ, ಯಾರದೋ ಅಡುಗೆಮನೆಯಲ್ಲಿ ನಿಂತು ತಲೆ ತೊಳೆಯುವ ಕ್ರಮವನ್ನು ತೋರಿಸಿದರು. ೧೯೦೮ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಗಳ ಹೆಸರಿನ ತರಬೇತಿ ಶಾಲೆ, ೧೯೧೦ರಲ್ಲಿ ಇಂಡಿಯಾನಾಪೊಲಿಸ್ ನಗರಕ್ಕೆ ಬಂದು ಅಲ್ಲಿ ಕಾರ್ಖಾನೆ, ೧೯೧೧ರಲ್ಲಿ ಕಂಪನಿಯ ನೋಂದಣಿ. ಲೆಕ್ಕಪತ್ರ, ಕಾನೂನು, ಆಡಳಿತಗಳಿಗೆ ಫ್ರೀಮನ್ ರ‍್ಯಾನ್ಸಮ್ ಎಂಬ ಸಮರ್ಥ ವಕೀಲರು ದೊರೆತರು. ಯಜಮಾನಿಗೆ ಶಾಲೆಯ ವಿದ್ಯೆ ಅತ್ಯಲ್ಪ. ದೊಡ್ಡವರಾದ ಮೇಲೆ ಶಿಕ್ಷಕಿಯೊಬ್ಬರನ್ನು ಬಳಿಯಲ್ಲಿಟ್ಟುಕೊಂಡು ಓದು ಬರಹವನ್ನು ತಿದ್ದಿಕೊಂಡರು. ಬಿ.ಕಾಂ. ಪದವಿಗಳು ಗೋಡೆಗೆ ತೂಗುವ ಅನೇಕ ಪೇಢಿಗಳಲ್ಲಿ ಇಂಥ ಕಲಿಯುವ ಹಸಿವು ಕಾಣುವುದಿಲ್ಲ. ೧೯೧೩ರಲ್ಲಿ ಅವರು ಜಮೈಕಾ, ಕ್ಯೂಬಾ, ಹೈಟಿ, ಪನಾಮಾ ಮುಂತಾದ ದೇಶಗಳಲ್ಲಿಯೂ ಸಂಚರಿಸಿ ಏಜೆಂಟರನ್ನು ನೇಮಿಸಿದರು.

ಈ ಏಜೆಂಟರ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಜೆಂಟಳು ಡಬ್ಬಿಯನ್ನು ಕೈಗಿತ್ತು ಹಣ ಪಡೆದು ಹೊರಡುವಂತಿರಲಿಲ್ಲ. ಮೊದಲು ತಲೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿಸಬೇಕು. ನೆತ್ತಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹೊಟ್ಟನ್ನು ಬಿಡಿಸಿ, ಶಾಂಪೂವಿನಿಂದ ತೊಳೆದು, ಒರಸಿ, ಬೆರಳ ತುದಿಯಿಂದ ಲೇಪವನ್ನು ತಿಕ್ಕಬೇಕು. ಮತ್ತೆ ಗೊತ್ತಾದ ದಿನಕ್ಕೆ ಬಂದು ಇದನ್ನೇ ಮಾಡಬೇಕು. ಗಂಡನಿಗೂ ತೋರಿಸದೆ ಮುಚ್ಚಿಟ್ಟಿದ್ದ ತಲೆಯನ್ನು ಒಬ್ಬ ಸ್ತ್ರೀ ಇನ್ನೊಬ್ಬ ಸ್ತ್ರೀಯ ಮುಂದೆ ಬಗ್ಗಿಸಿ ಕುಳಿತುಕೊಳ್ಳುತ್ತಿದ್ದಳು. ಆ ಅರ್ಧ ತಾಸಿನಲ್ಲಿ ಎಷ್ಟೋ ಮಾತುಗಳು ಹೊರಬರುತ್ತಿದ್ದಿರಬೇಕು. ಮನೆಗೆಲಸ ಅಥವಾ ಬಟ್ಟೆ ಒಗೆಯುವುದು ಇವೆರಡೇ ದಾರಿಗಳಿದ್ದ ಸ್ತ್ರೀಯರಿಗೆ ಈ ಕಸುಬು ಅದಕ್ಕಿಂತ ಎಷ್ಟೋ ಮಿಗಿಲಾದ ಸಂಪಾದನೆಯನ್ನು ಕೊಟ್ಟಿತು; ಕೆಲವರು ಮನೆ ಕೊಂಡರು, ಮಕ್ಕಳನ್ನು ಓದಿಸಿದರು. ವಾಕರ್ ಅವರ ಏಜೆಂಟರ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ತಮ್ಮ ಕೆಲಸವನ್ನು ಅವರು 'ಕೇಶಸಂಸ್ಕಾರ' ಎಂಬರ್ಥದ ಹೆಸರಿನಿಂದ ಕರೆದರು. ಗುಂಗುರು ಕೂದಲನ್ನು ನೆಟ್ಟಗೆ ಮಾಡುವವರೆಂಬ ಬಿರುದು ತಮಗೆ ಸಲ್ಲದು, ತಾವು ಕೂದಲನ್ನು ಬೆಳೆಸುವವರು ಎಂಬುದು ಅವರ ವಾದ. ಬಿಸಿ ಬಾಚಣಿಗೆಯನ್ನು ಅವರೇ ಕಂಡುಹಿಡಿದರೆಂದು ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿದೆ. ಅದು ತಪ್ಪು. ಅಂಥ ಉಪಕರಣಗಳು ಅವರಿಗಿಂತ ಮೊದಲೇ ಯುರೋಪಿನಲ್ಲಿದ್ದವು. ಅವರ ಪದ್ಧತಿಯಲ್ಲಿ ಅದರ ಬಳಕೆ ಸೇರಿತ್ತು ಎಂಬುದಷ್ಟೇ ಸರಿ.

ಈಗ ಸತ್ಯದ ಪ್ರಶ್ನೆ. ಅವರ ಜಾಹೀರಾತಿನಲ್ಲಿ ಅವರದೇ ಭಾವಚಿತ್ರಗಳಿದ್ದವು: ಚಿಕಿತ್ಸೆಗೆ ಮುನ್ನ ಗಿಡ್ಡವಾದ ವಿರಳ ಕೂದಲು, ಬಳಿಕ ಹೆಗಲಿನ ಕೆಳಗೆ ಇಳಿದ ಕೂದಲು. ಭಾವಚಿತ್ರಗಳು ಸುಳ್ಳಲ್ಲ. ಆದರೆ ಒಬ್ಬರಿಗೆ ಫಲಿಸಿದ್ದು ಎಲ್ಲರಿಗೂ ಫಲಿಸುತ್ತದೆ ಎಂಬ ಭಾವನೆಯನ್ನು ಅವು ಹುಟ್ಟಿಸುತ್ತಿದ್ದವು. ಮದ್ದಿನ ನಿಜವಾದ ಬಲ ಇದ್ದದ್ದು ಎಲ್ಲಿ? ಮೇಲಿಂದ ಮೇಲೆ ತೊಳೆಯುವುದರಲ್ಲಿ, ಗಂಧಕವು ನೆತ್ತಿಯ ರೋಗವನ್ನು ತಗ್ಗಿಸುವುದರಲ್ಲಿ, ಲೇಪವು ಒಣಕೂದಲು ತುಂಡಾಗದಂತೆ ಕಾಪಾಡುವುದರಲ್ಲಿ, ಒಳ್ಳೆಯ ಆಹಾರ ವಿಶ್ರಾಂತಿಗಳ ಬಗ್ಗೆ ಏಜೆಂಟಳು ಹೇಳುವ ಮಾತಿನಲ್ಲಿ. ರೋಗದಿಂದ ಕೂದಲು ಕಳೆದುಕೊಂಡಿದ್ದ ಬಹುಮಂದಿಗೆ ಇದರಿಂದ ಗುಣವಾದದ್ದು ನಂಬತಕ್ಕ ಸಂಗತಿ. ವಂಶದಿಂದ ತೆಳುವಾದವರಿಗೆ, ಬುಡವೇ ಮುಚ್ಚಿದವರಿಗೆ ಇದು ಏನನ್ನೂ ಬೆಳೆಸಿರಲಾರದು. ಅವರು ಎರಡನೆಯ ಡಬ್ಬಿಯನ್ನೂ ಮೂರನೆಯ ಡಬ್ಬಿಯನ್ನೂ ಕೊಂಡರು. ಹಚ್ಚಿದ್ದು ಸಾಲದೇನೋ, ತಿಕ್ಕಿದ್ದು ಸರಿಯಿಲ್ಲವೇನೋ ಎಂದು ತಮ್ಮನ್ನೇ ಹಳಿದುಕೊಂಡರು. ಒಗೆಯುವ ಹೆಂಗಸಿಗೆ ಐವತ್ತು ಸೆಂಟು ಎಂದರೆ ಒಂದು ದಿನದ ಕೂಲಿಯ ಮೂರನೆಯ ಒಂದು ಪಾಲು. ಅಂಥವರ ಪತ್ರಗಳನ್ನು ಯಾವ ಕಂಪನಿಯೂ ಜಾಹೀರಾತಿನಲ್ಲಿ ಅಚ್ಚು ಹಾಕುವುದಿಲ್ಲ.

ಆದರೂ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಖಾಲಿ ಬಿಡಲಾಗದು. ಆ ಕಾಲದ ವೈದ್ಯರಲ್ಲಿ ಈ ಸ್ತ್ರೀಯರ ತಲೆಯನ್ನು ಮುಟ್ಟಿ ನೋಡುವವರೇ ವಿರಳ. ಚರ್ಮದ ಬಣ್ಣವನ್ನು ತಿಳಿಯಾಗಿಸುವ ಲೇಪಗಳನ್ನು ಮಾರಿ ಹಣ ಮಾಡುವವರು ಬೇಕಾದಷ್ಟು ಇದ್ದಾಗ, ವಾಕರ್ ಅವರು ಬದುಕಿದ್ದಷ್ಟು ಕಾಲ ಅವರ ಕಂಪನಿ ಅಂಥ ಸರಕನ್ನು ಮಾರಲಿಲ್ಲ. ಅವರು ತೀರಿಕೊಂಡ ಮೇಲೆ ಮಾರಿತು. ಲಾಭ ಬರುವ ಸರಕೊಂದನ್ನು ಬೇಡವೆನ್ನುವುದು ಎಂಥ ಕಷ್ಟದ ಕೆಲಸವೆಂಬುದನ್ನು ಅಂಗಡಿಯಲ್ಲಿ ಕುಳಿತವರೇ ಬಲ್ಲರು.

ಸಂಪತ್ತಿನ ಬಳಕೆಯ ವಿಷಯದಲ್ಲಿ ಅವರ ನಡತೆ ಹೆಚ್ಚು ನಿಚ್ಚಳವಾಗಿದೆ. ಇಂಡಿಯಾನಾಪೊಲಿಸ್‌ನಲ್ಲಿ ಕಪ್ಪು ಜನಾಂಗದ ತರುಣರ ಸಂಘದ ಕಟ್ಟಡಕ್ಕೆ ೧೯೧೧ರಲ್ಲಿ ಸಾವಿರ ಡಾಲರು ಕೊಟ್ಟರು. ಒಬ್ಬ ಕಪ್ಪು ಮಹಿಳೆ ಅಷ್ಟು ಕೊಟ್ಟದ್ದು ಊರಿಗೆಲ್ಲ ಆಶ್ಚರ್ಯವಾಯಿತು. ೧೯೧೨ರಲ್ಲಿ ಕಪ್ಪು ವರ್ತಕರ ರಾಷ್ಟ್ರೀಯ ಸಮ್ಮೇಳನದಲ್ಲಿ ಅಧ್ಯಕ್ಷರಾದ ಬುಕರ್ ಟಿ. ವಾಷಿಂಗ್ಟನ್ ಅವರು ಇವರಿಗೆ ಮಾತಿಗೆ ಅವಕಾಶ ಕೊಡದಿದ್ದಾಗ, ಕೊನೆಯ ದಿನ ಎದ್ದುನಿಂತು ತಾವಾಗಿ ಮಾತನಾಡಿ ತಮ್ಮ ಹುಟ್ಟು, ಕೂಲಿ, ಕಾರ್ಖಾನೆಗಳ ಚರಿತ್ರೆಯನ್ನು ಹೇಳಿದರು. ಮರುವರ್ಷ ಅದೇ ಸಮ್ಮೇಳನ ಅವರನ್ನು ಭಾಷಣಕ್ಕೆ ಆಹ್ವಾನಿಸಿತು. ೧೯೧೭ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಅವರ ಏಜೆಂಟರ ಮೊದಲ ಸಮಾವೇಶ ನಡೆದಾಗ ಸುಮಾರು ಇನ್ನೂರು ಮಂದಿ ಸ್ತ್ರೀಯರು ಸೇರಿದ್ದರು. ಹೆಚ್ಚು ಮಾರಿದವರಿಗೆ ಬಹುಮಾನ ಇದ್ದೇ ಇತ್ತು. ಅದರೊಡನೆ, ಹೆಚ್ಚು ದಾನ ಮಾಡಿದ ಸ್ಥಳೀಯ ಸಂಘಗಳಿಗೂ ಬಹುಮಾನವಿತ್ತು. ಇಂದಿನ ಕಂಪನಿಗಳ ವಾರ್ಷಿಕ ಸಮಾರಂಭಗಳಲ್ಲಿ ಈ ಎರಡನೆಯ ಬಗೆಯ ಬಹುಮಾನವನ್ನು ಕಂಡವರುಂಟೆ? ಅದೇ ವರ್ಷ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಕೃತ್ಯಗಳನ್ನು ತಡೆಯಬೇಕೆಂದು ಅಧ್ಯಕ್ಷ ವಿಲ್ಸನ್ ಅವರಿಗೆ ಮನವಿ ಒಯ್ದ ನಿಯೋಗದಲ್ಲಿ ವಾಕರ್ ಇದ್ದರು. ಅಧ್ಯಕ್ಷರು ನಿಯೋಗವನ್ನು ಭೇಟಿಯಾಗಲಿಲ್ಲ. ೧೯೧೯ರಲ್ಲಿ ಆ ಚಳವಳಿಗೆ ಐದು ಸಾವಿರ ಡಾಲರುಗಳನ್ನು ಕೊಟ್ಟು, ಅದೇ ಮೇ ೨೫ರಂದು ರಕ್ತದೊತ್ತಡ ಮತ್ತು ಮೂತ್ರಪಿಂಡಗಳ ರೋಗದಿಂದ ಐವತ್ತೊಂದನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮುಂದಿನ ನಿವ್ವಳ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ದಾನಧರ್ಮಕ್ಕೆ ಸಲ್ಲಬೇಕೆಂದು ಉಯಿಲಿನಲ್ಲಿ ಬರೆದಿದ್ದರು. ನ್ಯೂಯಾರ್ಕಿನ ಬಳಿ ಹಡ್ಸನ್ ನದಿಯ ದಡದಲ್ಲಿ ಅವರು ಅರಮನೆಯಂಥ ಮನೆಯನ್ನೂ ಕಟ್ಟಿಸಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಅದರಲ್ಲಿ ಅವರು ವಾಸಿಸಿದ್ದು ಒಂದು ವರ್ಷದಷ್ಟು.

ಡಬ್ಬಿಯ ಕಥೆ ಇಲ್ಲಿಗೆ ಮುಗಿದರೂ ಕೇಶಹಾನಿಯ ಕಥೆ ಮುಗಿಯಲಿಲ್ಲ. ವೈದ್ಯಶಾಸ್ತ್ರವು ಈ ವಿಷಯದಲ್ಲಿ ಸ್ತ್ರೀಯರ ಕಡೆ ತಿರುಗಿದ್ದು ಬಹಳ ತಡವಾಗಿ. ಈ ಅಲಕ್ಷ್ಯ ಪಶ್ಚಿಮದವರದು ಮಾತ್ರವಲ್ಲ. ನಮ್ಮ ಆಯುರ್ವೇದದಲ್ಲಿ ಖಾಲಿತ್ಯ, ಇಂದ್ರಲುಪ್ತಗಳ ನಿರೂಪಣೆಯನ್ನು ಸುಶ್ರುತನೇ ಮಾಡಿದ್ದಾನೆ. ಪಿತ್ತವು ವಾತದೊಡನೆ ಸೇರಿ ಕೂದಲನ್ನು ಉದುರಿಸುತ್ತದೆ, ಕಫವು ರಕ್ತದೊಡನೆ ಸೇರಿ ರೋಮಕೂಪವನ್ನು ಮುಚ್ಚುತ್ತದೆ ಎಂಬುದು ಅವನ ವಿವರಣೆ. ಆದರೆ ಮಾಧವನಿದಾನದ ಹಳೆಯ ವ್ಯಾಖ್ಯಾನದಲ್ಲಿ ವಿದೇಹನೆಂಬ ಆಚಾರ್ಯನ ಹೆಸರಿನಲ್ಲಿ ಒಂದು ಮತ ಬಂದಿದೆ. ಸ್ತ್ರೀಯರು ಸುಕುಮಾರ ಶರೀರದವರು, ತಿಂಗಳು ತಿಂಗಳೂ ಅವರ ರಕ್ತದೋಷ ಹೊರಹೋಗುತ್ತದೆ, ಅವರಿಗೆ ವ್ಯಾಯಾಮವೂ ಇಲ್ಲ. ಆದುದರಿಂದ ಅವರಿಗೆ ಈ ರೋಗವಿಲ್ಲ ಎಂದು. ಆ ಆಚಾರ್ಯನು ಬಟ್ಟೆ ಒಗೆಯುವ, ನೀರು ಹೊರುವ, ಬತ್ತ ಕುಟ್ಟುವ ಹೆಂಗಸರನ್ನು ಎಣಿಕೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ. ಇಲ್ಲವೆಂದು ಗ್ರಂಥದಲ್ಲಿ ಬರೆದುಬಿಟ್ಟರೆ ಇದ್ದವಳು ಯಾರ ಬಳಿ ಹೇಳಿಕೊಳ್ಳಬೇಕು?

ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ ಅವರು ಬೋಳುತನಕ್ಕೂ ಪುರುಷ ಹಾರ್ಮೋನಿಗೂ ಇರುವ ಸಂಬಂಧವನ್ನು ೧೯೪೨ರಲ್ಲಿ ತೋರಿಸಿ, ೧೯೫೧ರಲ್ಲಿ ಅದರ ಹಂತಗಳನ್ನು ವರ್ಗೀಕರಿಸಿದರು. ಸ್ತ್ರೀಯರ ತೆಳುವಿನ ಕ್ರಮವೇ ಬೇರೆ, ಹಣೆಯ ಅಂಚು ಉಳಿದು ನೆತ್ತಿ ತೆಳುವಾಗುತ್ತದೆ ಎಂದು ಮೂರು ಹಂತಗಳನ್ನು ಚಿತ್ರಸಹಿತ ಗುರುತಿಸಿದ ಪ್ರಸಿದ್ಧ ವರ್ಗೀಕರಣ ಬಂದದ್ದು ೧೯೭೭ರಲ್ಲಿ, ಜರ್ಮನಿಯ ಎರಿಕ್ ಲುಡ್ವಿಗ್ ಅವರಿಂದ. ಔಷಧದ ವಿಷಯದಲ್ಲಿಯೂ ಹೀಗೆಯೇ. ಮಿನಾಕ್ಸಿಡಿಲ್ ಎಂಬುದು ಮೂಲತಃ ರಕ್ತದೊತ್ತಡದ ಗುಳಿಗೆ. ಅದನ್ನು ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣವನ್ನು ಮಾಡಿದರು. ಅಮೆರಿಕದಲ್ಲಿ ಪುರುಷರಿಗೆ ಅದು ೧೯೮೮ರಲ್ಲಿ, ಸ್ತ್ರೀಯರಿಗೆ ೧೯೯೧ರಲ್ಲಿ ಸಮ್ಮತವಾಯಿತು. ರಕ್ತದೊತ್ತಡದಿಂದ ಸತ್ತ ಕೇಶವರ್ಧಿನಿಯ ಒಡತಿಗೆ ಎರಡು ಕಾರಣಗಳಿಂದ ಬೇಕಾಗಿದ್ದ ಮದ್ದು ಇದು. ಇದು ಹಲವರಿಗೆ ಸ್ವಲ್ಪಮಟ್ಟಿಗೆ ಫಲಿಸುತ್ತದೆ, ಕೆಲವರಿಗೆ ಫಲಿಸುವುದಿಲ್ಲ. ಬಿಟ್ಟರೆ ಗಳಿಸಿದ್ದು ಮತ್ತೆ ಉದುರುತ್ತದೆ. ವೈದ್ಯರು ಮೊದಲು ರಕ್ತದಲ್ಲಿ ಕಬ್ಬಿಣದ ಅಂಶವನ್ನೂ ಥೈರಾಯ್ಡ್ ಗ್ರಂಥಿಯನ್ನೂ ಪರೀಕ್ಷಿಸಿ ನೋಡುವುದು ಈಗ ವಾಡಿಕೆ.

ಬಿಗಿಯಾಗಿ ಎಳೆದು ಕಟ್ಟುವುದರಿಂದ ಹಣೆಯ ಅಂಚಿನ ಕೂದಲು ಹೋಗುತ್ತದೆಂಬುದು ಗ್ರೀನ್‌ಲ್ಯಾಂಡಿನ ಸ್ತ್ರೀಯರನ್ನು ನೋಡಿ ೧೯೦೭ರಲ್ಲಿಯೇ ವರದಿಯಾಗಿತ್ತು. ಎಳೆಯ ಹುಡುಗಿಯರಿಗೆ ಕಣ್ಣು ಮೇಲಕ್ಕೆ ಸೆಳೆಯುವಂತೆ ಜಡೆ ಹೆಣೆಯುವ ತಾಯಂದಿರು ಇದನ್ನು ತಿಳಿಯುವುದು ಒಳ್ಳೆಯದು. ಬೇಗ ಬಿಟ್ಟರೆ ಕೂದಲು ಮರಳುತ್ತದೆ, ತಡವಾದರೆ ಇಲ್ಲ.

ಆದರೆ ಕೂದಲು ಹೋದದ್ದೆಲ್ಲ ಹೆಂಗಸಿನ ಕೈಯಿಂದಲೇ ಹೋಯಿತು ಎಂದು ಹೇಳುವ ಚಾಳಿಯೂ ವೈದ್ಯರಿಗೆ ಬಂದಿತು. ಕಪ್ಪು ಜನಾಂಗದ ಸ್ತ್ರೀಯರಲ್ಲಿ ನೆತ್ತಿಯ ನಡುವಿನಿಂದ ಆರಂಭವಾಗಿ ಸುತ್ತಲೂ ಹರಡುವ, ಬುಡವೇ ಮುಚ್ಚಿಹೋಗುವ ಒಂದು ರೋಗವನ್ನು ೧೯೬೮ರಲ್ಲಿ ಅಮೆರಿಕದ ವೈದ್ಯರು ವರ್ಣಿಸಿದರು. ಅದಕ್ಕೆ ಅವರು ಕೊಟ್ಟ ಹೆಸರು 'ಬಿಸಿ ಬಾಚಣಿಗೆಯ ಬೋಳು'. ಕಾಯಿಸಿದ ಬಾಚಣಿಗೆಯಿಂದ ಎಣ್ಣೆ ಹರಿದು ಬುಡವನ್ನು ಸುಟ್ಟಿತು ಎಂಬುದು ಅವರ ತರ್ಕ. ಹೀಗೆ ರೋಗದ ಹೆಸರೇ ರೋಗಿಯ ಮೇಲಿನ ಆರೋಪವಾಯಿತು. ಬಾಚಣಿಗೆಯನ್ನು ಮುಟ್ಟದವರಲ್ಲಿಯೂ ಅದು ಕಂಡುಬಂದ ಮೇಲೆ ಆ ಹೆಸರನ್ನು ಕೈಬಿಟ್ಟರು. ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಇಂಥ ರೋಗಿಗಳಲ್ಲಿ ಒಂದು ಭಾಗದವರಲ್ಲಿ ಕೂದಲಿನ ದಂಡನ್ನು ರೂಪಿಸುವ ಕೆಲಸಕ್ಕೆ ಬೇಕಾದ ಪಾಡಿ-೩ ಎಂಬ ಜೀನಿನಲ್ಲಿ ವ್ಯತ್ಯಾಸಗಳಿರುವುದನ್ನು ತೋರಿಸಿತು. ಕೂದಲನ್ನು ಎಳೆದು ಕಟ್ಟುವುದು, ಕಾಯಿಸುವುದು ಇವು ರೋಗವನ್ನು ಹೆಚ್ಚಿಸಬಹುದು. ಆದರೆ ಅರ್ಧ ಶತಮಾನದ ಕಾಲ ತಾಯಂದಿರೂ ಹೆಣ್ಣುಮಕ್ಕಳೂ ಹೊತ್ತಿದ್ದ ತಪ್ಪಿನ ಹೊರೆಯಲ್ಲಿ ಬಹುಪಾಲು ಅವರದಾಗಿರಲಿಲ್ಲ.

ಮರುವರ್ಷ, ೨೦೨೦ರ ಜನವರಿಯಲ್ಲಿ, ಅಮೆರಿಕದ ಶಾಸನಸಭೆಯ ಸದಸ್ಯೆ ಅಯನ್ನಾ ಪ್ರೆಸ್ಲಿ ಅವರು ತಮ್ಮ ಕೂದಲೆಲ್ಲ ರೋಗದಿಂದ ಉದುರಿಹೋದುದನ್ನು ಸಾರ್ವಜನಿಕವಾಗಿ ತಿಳಿಸಿ, ಟೋಪನ್ನು ತೆಗೆದು ಬರಿತಲೆಯಲ್ಲಿ ಕಾಣಿಸಿಕೊಂಡರು. ಅದಕ್ಕೆ ಮುಂಚೆ ಅವರ ಹೆಣೆದ ಕೂದಲು ಬಹು ಪ್ರಸಿದ್ಧವಾಗಿತ್ತು. ಎಳೆಯ ಹುಡುಗಿಯರು ಅದನ್ನು ಅನುಕರಿಸುತ್ತಿದ್ದರು. ಆಮೇಲೆ ಅವರು ಬರಿತಲೆಯಲ್ಲಿಯೇ ಸಭೆಗೆ ಹೋಗುವುದನ್ನು ರೂಢಿಸಿಕೊಂಡರು.

ಆನಿ ಟರ್ನ್‌ಬೋ ಅವರ ವಿಷಯವೊಂದು ಬಾಕಿ ಇದೆ. ವಿವಾಹದ ಬಳಿಕ ಆನಿ ಮಲೋನ್ ಎಂದು ಹೆಸರಾದ ಅವರು ೧೯೧೮ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಪೋರೋ ಕಾಲೇಜನ್ನು ಕಟ್ಟಿದರು. ಮುಂದೆ ತೆರಿಗೆಯ ಬಾಕಿ, ವಿವಾಹವಿಚ್ಛೇದನ, ವ್ಯಾಜ್ಯಗಳಿಂದ ಅವರ ವ್ಯಾಪಾರ ಕುಗ್ಗಿತು. ೧೯೫೭ರಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ವಾಕರ್ ಅವರ ಮುಖ ೧೯೯೮ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಬಂದಿತು. ಆನಿಯವರ ಹೆಸರನ್ನು ಹೊರಗಿನವರು ಹೆಚ್ಚಾಗಿ ಕೇಳಿಲ್ಲ. ಆದರೆ ಸೇಂಟ್ ಲೂಯಿಸ್‌ನಲ್ಲಿ ಅವರ ಹೆಸರು ಒಂದು ಕಡೆ ಉಳಿದಿದೆ. ಹಿಂದೆ ಬಟ್ಟೆ ಒಗೆಯುವ ಸಾರಾ ಅವರ ಮಗಳನ್ನು ನೋಡಿಕೊಂಡ ಆ ಅನಾಥಾಲಯಕ್ಕೆ ಹೊಸ ಕಟ್ಟಡ ಬೇಕಾದಾಗ, ೧೯೧೯ರಲ್ಲಿ ಹತ್ತು ಸಾವಿರ ಡಾಲರು ಕೊಟ್ಟವರು ಆನಿ. ವಾಕರ್ ಅವರ ದಾನಗಳ ಪಟ್ಟಿಯಲ್ಲಿಯೂ ಆ ಅನಾಥಾಲಯ ಇತ್ತು. ೧೯೪೬ರಲ್ಲಿ ಅದಕ್ಕೆ ಆನಿ ಮಲೋನ್ ಅವರ ಹೆಸರನ್ನು ಇಡಲಾಯಿತು.